ಒಂಬತ್ತನೇ ವಾರ್ಡಿನ ಐವತ್ತೆಂಟು ಸೊನ್ನೆಗಳು

ಜೂನ್ 4, ಬುಧವಾರ

ತಮ್ಮನಿಗೆ,

ನಮ್ಮ ಒಂಬತ್ತನೇ ವಾರ್ಡಿನ ಆರೋಗ್ಯ ಕೇಂದ್ರವನ್ನು ಈ ತಿಂಗಳ 30ಕ್ಕೆ ಮುಚ್ಚುತ್ತಾರೆ. ಹೇಳಿದವರು ಅಲ್ಲಿಯ ದೊಡ್ಡ ನರ್ಸಮ್ಮ. ಅವರಿಗೆ ನಿನ್ನೆ ಮಧ್ಯಾಹ್ನ ಆದೇಶ ಬಂದಿದೆ. ಗೋಡೆಗೆ ಅಂಟಿಸಿದ್ದ ಪ್ರತಿಯನ್ನು ನಾನೇ ನಿಂತು ಓದಿ ಬರೆದುಕೊಂಡು ಬಂದಿದ್ದೇನೆ.

ಅಪ್ಪ ಪತ್ರಿಕೆಯ ಕರಡು ತಿದ್ದುತ್ತಿದ್ದ ಕಾಲದಲ್ಲಿ ನಮ್ಮಿಬ್ಬರಿಗೂ ಹೇಳುತ್ತಿದ್ದದ್ದು ನೆನಪಿದೆ ತಾನೆ? "ಮೊದ್ಲು ಏನಾಯ್ತು ಹೇಳು, ಆಮೇಲೆ ಯಾರು ಹೇಳಿದ್ರು ಹೇಳು, ಅಳೋದೇನಿದ್ರೂ ಕೊನೇ ಪ್ಯಾರಾದಲ್ಲಿ." ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಕೊನೆಯ ಪ್ಯಾರಾದಲ್ಲಿ ಅಳು ಇರುವುದಿಲ್ಲ, ಬೈಗುಳ ಇರುತ್ತದೆ.

ಆದೇಶದಲ್ಲಿರುವುದು ಇಷ್ಟು: "ಅಸಮಾನತೆಯ ಸೂಚ್ಯಂಕ 0.25ಕ್ಕಿಂತ ಕಡಿಮೆ ಇರುವ ವಾರ್ಡುಗಳನ್ನು ವಿಶೇಷ ನೆರವಿನ ಪಟ್ಟಿಯಿಂದ ಕೈಬಿಡಲಾಗಿದೆ. ಒಂಬತ್ತನೇ ವಾರ್ಡ್: 0.19." ಕೇಂದ್ರ ನಡೆಯುತ್ತಿದ್ದದ್ದು ಆ ನೆರವಿನಲ್ಲೇ. ಕೆಳಗೆ, ಆಧಾರ ಎಂದು ನಿಮ್ಮ ಅಂಕಿಅಂಶ ಕಚೇರಿಯ ವರದಿಯ ಹೆಸರು.

ನಾನು ಅದನ್ನು ಬರೆದುಕೊಳ್ಳುತ್ತಿರುವಾಗ ಹಿಂದಿನಿಂದ ಇಸ್ತ್ರಿ ಅಂಗಡಿಯಾಕೆ ಭುಜ ತಟ್ಟಿದಳು. "ನೀವೇ ಅಲ್ವಾ ಅಕ್ಕಾ, ಹೋದ ವರ್ಷ ಫಾರಂ ಹಿಡ್ಕೊಂಡು ಬಂದಿದ್ದು? ಎಷ್ಟು ಸಂಪಾದ್ನೆ, ಎಷ್ಟು ಜನ, ಎಲ್ಲಾ ಬಾಯಿಬಿಡಿಸಿದ್ರಿ. ಬಾಗ್ಲು ಹಾಕೋಕ್ಕಾ?" ಸರತಿಯಲ್ಲಿದ್ದ ಇಪ್ಪತ್ತು ಮಂದಿಯೂ ನನ್ನ ಕಡೆ ತಿರುಗಿದರು. ಅವಳ ಪ್ರಶ್ನೆಗೆ ಉತ್ತರ ನಿನ್ನ ಬಳಿ ಇರಬೇಕು.

ನಿನ್ನ ಭಾವನಿಗೆ ವಾರಕ್ಕೆ ಎರಡು ಸಲ ಅಲ್ಲಿ ಉಸಿರಿನ ಯಂತ್ರ ಹಾಕುತ್ತಾರೆ. ನಡೆದೇ ಹೋಗುತ್ತಾರೆ, ನಡೆಯುವುದು ಒಳ್ಳೆಯದಂತೆ. ಕೇಂದ್ರ ಮುಚ್ಚಿದರೆ ಇನ್ನೊಂದು ಆಸ್ಪತ್ರೆ ಹನ್ನೊಂದು ಕಿಲೋಮೀಟರ್ ದೂರ, ಎರಡು ಬಸ್ಸು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ನನ್ನನ್ನು ಸಮಾಧಾನ ಮಾಡಿಬಿಡುತ್ತೀಯ. ಈ 0.19 ಅಂದರೆ ಏನು, ಯಾವನು ಅಳೆದದ್ದು, ಯಾವ ಅಳತೆಗೋಲಿನಿಂದ ಎಂದು ಕಾಗದದಲ್ಲಿ ಬರೆ. ಕಣ್ಣಿಗೆ ಕಾಣುವಷ್ಟು ದಪ್ಪಗೆ ಸಹಿಯನ್ನೂ ಹಾಕು.

ಅಕ್ಕ

•

ಜೂನ್ 9, ಸೋಮವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಪತ್ರ ತಲುಪಿತು. ನಮ್ಮ ಕಚೇರಿಯಲ್ಲಿ ಈ ಹತ್ತು ವರ್ಷದಲ್ಲಿ ಅಂಚೆಯಲ್ಲಿ ಖಾಸಗಿ ಪತ್ರ ಬಂದದ್ದು ನನಗೊಬ್ಬನಿಗೇ. ಪಕ್ಕದ ಮೇಜಿನವರು "ಏನ್ರೀ, ಕೋರ್ಟ್ ನೋಟೀಸಾ?" ಎಂದು ಕೇಳಿದರು. "ಅದಕ್ಕಿಂತ ಜೋರು, ನಮ್ಮಕ್ಕ" ಎಂದೆ.

ಅಳತೆಗೋಲಿನ ಹೆಸರು ಥೈಲ್ ಸೂಚ್ಯಂಕ. ಅದರ ಬೇರು ಎಂಟ್ರೊಪಿ ಎಂಬ ಲೆಕ್ಕದಲ್ಲಿದೆ. ಹೆದರಬೇಡ, ಒಂದು ಚೀಲ ಸಾಕು. ವಾರ್ಡಿನ ಎಲ್ಲ ಮನೆಗಳ ಒಂದು ತಿಂಗಳ ಆದಾಯವನ್ನು ನಾಣ್ಯ ಮಾಡಿಸಿ ದೊಡ್ಡ ಚೀಲಕ್ಕೆ ಸುರಿದೆ ಅಂದುಕೋ. ಕೈಹಾಕಿ ಒಂದು ನಾಣ್ಯ ತೆಗೆ. ಅದು ಯಾರ ಮನೆಯದು ಎಂದು ಊಹಿಸಬೇಕು. ಎಲ್ಲರೂ ಸಮನಾಗಿ ದುಡಿಯುತ್ತಿದ್ದರೆ ಊಹೆ ಮಹಾ ಕಷ್ಟ, ಯಾರದ್ದೂ ಆಗಿರಬಹುದು. ಒಬ್ಬನೇ ಎಲ್ಲವನ್ನೂ ದುಡಿಯುತ್ತಿದ್ದರೆ ಊಹಿಸುವುದೇ ಬೇಡ, ಅವನದ್ದೇ. ಈ ಊಹೆಯ ಕಷ್ಟಕ್ಕೇ ಎಂಟ್ರೊಪಿ ಎನ್ನುತ್ತಾರೆ. ಎಲ್ಲರೂ ಸಮನಾಗಿದ್ದರೆ ಎಷ್ಟು ಕಷ್ಟ ಇರಬೇಕಿತ್ತೋ ಅದರಲ್ಲಿ ಈಗಿರುವ ಕಷ್ಟವನ್ನು ಕಳೆ. ಉಳಿದದ್ದು ಸೂಚ್ಯಂಕ. ಸೊನ್ನೆ ಬಂದರೆ ಪೂರ್ತಿ ಸಮಾನತೆ. ಅಂಕಿ ಏರಿದಷ್ಟೂ ಅಂತರ ಜಾಸ್ತಿ.

ಐದು ವರ್ಷದ ಹಿಂದೆ ನಿಮ್ಮ ವಾರ್ಡು 0.29 ಇತ್ತು. ಈಗ 0.19. ಅಂದರೆ ಅಂತರ ಇಳಿದಿದೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯ ಸುದ್ದಿಯೇ ಅಲ್ಲವೇ? ಕೇಂದ್ರ ಮುಚ್ಚುವುದು ಬೇಸರದ ವಿಷಯ, ಒಪ್ಪುತ್ತೇನೆ. ಆದರೆ ಆ ನಿರ್ಧಾರ ಆರೋಗ್ಯ ಇಲಾಖೆಯದು. ನಾವು ಅಳೆದುಕೊಡುವವರು ಅಷ್ಟೆ.

ಮನೆಯಲ್ಲಿ ಕೂತು ಬೇಜಾರು ಎಂದು ನೀನು ಸಮೀಕ್ಷೆಗೆ ಸೇರಿಕೊಂಡೆ, ಈಗ ಅದರ ಬೇಜಾರೂ ನಿನ್ನ ತಲೆಗೇ ಬಂತು. ಇಸ್ತ್ರಿಯಾಕೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಾವ ಸ್ಕೂಟರ್ ಬಿಟ್ಟು ನಡೆಯುತ್ತಿರುವುದು ಒಳ್ಳೆಯದಾಯಿತು. ಬಾಟಲಿ ಕಾರ್ಖಾನೆಯ ಮೊದಲನೇ ಕುಲುಮೆಯ ಮೇಸ್ತ್ರಿಗಿರಿಯನ್ನೂ ಸ್ವಲ್ಪ ಕಡಿಮೆ ಮಾಡಿಕೊಳ್ಳಲಿ, ಗಾಜಿನ ಧೂಳು ಎದೆಗೆ ಒಳ್ಳೆಯದಲ್ಲ.

ಸಹಿ ದಪ್ಪಗೇ ಹಾಕಿದ್ದೇನೆ.

ನಿನ್ನ ತಮ್ಮ

•

ಜೂನ್ 13, ಶುಕ್ರವಾರ

ದಶಮಾಂಶನಿಗೆ,

ಚಿಕ್ಕವನಿದ್ದಾಗ ಆ ಹೆಸರಿನಿಂದ ಕರೆದರೆ ನೀನು ಅಳುತ್ತಿದ್ದೆ. ಈಗ ಅತ್ತರೂ ಚಿಂತೆಯಿಲ್ಲ.

ಗ್ರಂಥಾಲಯದ ಓದುವ ಕೋಣೆಗೆ ಹೋಗಿ ನಿಮ್ಮ ವರದಿ ಕೇಳಿದೆ. ಗ್ರಂಥಪಾಲಕ ಧೂಳು ಹೊಡೆದು ಕೊಟ್ಟ. "ಇದನ್ನ ಕೇಳಿದ ಮೊದಲನೇ ಗಿರಾಕಿ ನೀವೇ" ಎಂದ. ಪುಟ 212, ಅನುಬಂಧ, ಸಣ್ಣ ಅಕ್ಷರ: "ಒಂಬತ್ತನೇ ವಾರ್ಡ್. ಲೆಕ್ಕಕ್ಕೆ ತೆಗೆದುಕೊಂಡ ಮನೆಗಳು: 354."

ನಾವು ತುಂಬಿದ ಫಾರಂ 412.

ನಾವು ಮೂವರು: ನಾನು, ಟ್ಯೂಷನ್ ಮೇಡಂ, ನಿವೃತ್ತ ಪೋಸ್ಟ್‌ಮ್ಯಾನ್ ಮಾಮ. ತನ್ನ ಬೀದಿಯನ್ನು ತಾನೇ ಮಾಡಬಾರದು ಎಂಬ ನಿಯಮವಿತ್ತು. ಹಾಗಾಗಿ ನಮ್ಮ ಬೀದಿ ಮಾಮನ ಪಾಲಿಗೆ ಬಂತು, ಅವರ ಬೀದಿ ನನ್ನ ಪಾಲಿಗೆ. ಪ್ರತಿ ಸಂಜೆ ಮೂವರೂ ಕೂತು ಫಾರಂ ಎಣಿಸಿ ಡೈರಿಯಲ್ಲಿ ಬರೆದು ಸಹಿ ಹಾಕುತ್ತಿದ್ದೆವು. ಆ ಡೈರಿ ಈಗಲೂ ನನ್ನ ಬಳಿ ಇದೆ. ನಾನೂರ ಹನ್ನೆರಡರಲ್ಲಿ ಮುನ್ನೂರ ಐವತ್ತನಾಲ್ಕು ಕಳೆದರೆ ಐವತ್ತೆಂಟು. ಈ ಕಳೆಯುವ ಲೆಕ್ಕಕ್ಕೆ ಎಂಟ್ರೊಪಿ ಬೇಡ.

ಆ ಐವತ್ತೆಂಟು ಯಾವುವು ಎಂದು ನನಗೆ ಗೊತ್ತು. ನಿನಗೂ ಹೇಳುತ್ತೇನೆ. ಹೋದ ಆಗಸ್ಟಿನಲ್ಲಿ ಬಾಟಲಿ ಕಾರ್ಖಾನೆ ಎರಡನೇ ಕುಲುಮೆಯನ್ನು ಆರಿಸಿತು. ಅಕ್ಟೋಬರಿನಲ್ಲಿ ನಾವು ಬಾಗಿಲು ತಟ್ಟಿದೆವು. "ಕಳೆದ ಮೂವತ್ತು ದಿನದಲ್ಲಿ ಮನೆಗೆ ಬಂದ ಆದಾಯ ಎಷ್ಟು?" ಇದು ನಿಮ್ಮ ಹತ್ತೊಂಬತ್ತನೇ ಪ್ರಶ್ನೆ. ಸಾಲ ಆದಾಯವಲ್ಲ, ನೆಂಟರು ಕೊಟ್ಟದ್ದು ಆದಾಯವಲ್ಲ, ಮನೆಯ ಸಾಮಾನು ಮಾರಿ ಬಂದದ್ದು ಆದಾಯವಲ್ಲ. ಇದು ನಿಮ್ಮ ಕೈಪಿಡಿಯ ಏಳನೇ ಪುಟ. ಅಚ್ಚು ಫಿಟ್ ಮಾಡುವವನೊಬ್ಬ ಕಿಟಕಿಯ ಕಂಬಿ ಕಿತ್ತು ಗುಜರಿಗೆ ಹಾಕಿದ್ದ. ಆದಾಯ ಸೊನ್ನೆ. ಬಾಟಲಿ ವಿಂಗಡಿಸುವ ಅಣ್ಣತಮ್ಮಂದಿರು ಬಾಗಿಲಲ್ಲೇ ನಿಂತು, "ಬರ್ಕೊಳ್ಳಿ ಅಕ್ಕಾ, ಸೊನ್ನೆ. ದುಂಡಗೆ ಬರೀರಿ, ನೋಡೋಕಾದ್ರೂ ಚೆನ್ನಾಗಿರ್ಲಿ" ಎಂದರು. ಒಬ್ಬಾಕೆ ಉತ್ತರ ಹೇಳಲು ನಾಚಿ ಮಗಳನ್ನು ಒಳಗೆ ಕಳಿಸಿದಳು. ಆಮೇಲೆ ಹೇಳಿದಳು.

ನಮ್ಮ ಮೇಲ್ವಿಚಾರಕನಿಗೆ ನಾವು ಇಟ್ಟ ಹೆಸರು ಕೂಲಿಂಗ್ ಗ್ಲಾಸ್. ಮನೆಯೊಳಗೂ ತಲೆಯ ಮೇಲೆ ಅದು ಇರಲೇಬೇಕು. ಫಾರಂ ನೋಡಿ ಕುಣಿದ.

"ಸೊನ್ನೆ ಅಂದ್ರೆ ಏನಮ್ಮಾ? ಗಾಳಿ ಕುಡ್ಕೊಂಡು ಬದುಕ್ತಿದಾರಾ?"

"ಅವರನ್ನೇ ಕೇಳಿ ಸಾರ್. ನಾನು ಕೇಳಿದ್ದಕ್ಕೆ ಹೇಳಿದ್ದು ಬರೆದಿದೀನಿ."

"ಏನಾದ್ರೂ ಬರೀರಿ. ಒಂದು ಅಂತಾದ್ರೂ ಬರೀರಿ. ಸೊನ್ನೆ ಇದ್ರೆ ಮೇಲಿನೋರು ಕಿರಿಕಿರಿ ಮಾಡ್ತಾರೆ."

"ಆ ಒಂದನ್ನ ನೀವು ಅವರ ಮನೆಗೆ ಕೊಟ್ಟು ಬನ್ನಿ, ಆಮೇಲೆ ಬರೀತೀನಿ."

ಟ್ಯೂಷನ್ ಮೇಡಂ ನಕ್ಕುಬಿಟ್ಟಳು. ಅವನು ಆ ತಿಂಗಳೆಲ್ಲ ನನ್ನ ಮುಖ ನೋಡಲಿಲ್ಲ. ಮೂವರೂ ಸೊನ್ನೆಯನ್ನು ಸೊನ್ನೆ ಎಂದೇ ಬರೆದೆವು. ಈಗ ಹೇಳು, ದಶಮಾಂಶ. ಅಷ್ಟು ದುಂಡಗೆ ಬರೆದ ಸೊನ್ನೆಗಳು ನಿಮ್ಮ ಕಚೇರಿಯ ಯಾವ ಮೆಟ್ಟಿಲಲ್ಲಿ ಬಿದ್ದುಹೋದವು? ಬಡವರನ್ನು ಪಟ್ಟಿಯಿಂದ ತೆಗೆದರೆ ಉಳಿದವರು ಸಮಾನರಾಗದೆ ಇನ್ನೇನು?

"ಒಳ್ಳೆಯ ಸುದ್ದಿಯೇ ಅಲ್ಲವೇ" ಎಂದು ಬರೆದಿದ್ದೀಯ. ಆ ಸಾಲನ್ನು ನಿನ್ನ ಭಾವನಿಗೆ ಓದಿ ಹೇಳಲಿಲ್ಲ.

ಅಕ್ಕ

•

ಜೂನ್ 17, ಮಂಗಳವಾರ

ಅಕ್ಕನಿಗೆ,

ಇಂದು ಬೆಳಗ್ಗೆ ಮೂಲ ಫೈಲು ತೆರೆದು ನೋಡಿದೆ. ಒಂಬತ್ತನೇ ವಾರ್ಡಿನ 412 ಸಾಲುಗಳೂ ಇವೆ. ನಿಮ್ಮ ಕಡೆಯಿಂದ ತಪ್ಪಾಗಿಲ್ಲ.

ಎಂಟ್ರೊಪಿಯ ಲೆಕ್ಕದಲ್ಲಿ ಪ್ರತಿ ಮನೆಯ ಪಾಲಿಗೂ ಲಾಗರಿದಂ ತೆಗೆಯಬೇಕು. ಸೊನ್ನೆಗೆ ಲಾಗರಿದಂ ಇಲ್ಲ. ಅಂಥ ಸಾಲು ಸಿಕ್ಕರೆ ಕಂಪ್ಯೂಟರ್ ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ಆದಾಯ ಸೊನ್ನೆ ಇರುವ ಸಾಲುಗಳನ್ನು 'ಅಪೂರ್ಣ' ಎಂದು ಪರಿಗಣಿಸಿ ದಾಟಿ ಹೋಗುವಂತೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಇದೆ. ಒಂಬತ್ತು ವರ್ಷದ ಹಳೆಯ ಪ್ರೋಗ್ರಾಮು. ಯಾರು ಬರೆದದ್ದೋ ಈಗ ಹೇಳುವುದು ಕಷ್ಟ.

ಇದು ತಾಂತ್ರಿಕ ವಿಷಯ. ಮುಂದಿನ ಸುತ್ತಿನ ಸಮೀಕ್ಷೆಗೆ ಮುಂಚೆ ಸರಿಪಡಿಸಲು ಸೂಚಿಸಬಹುದು. ಮುದ್ರಣವಾದ ವರದಿಯನ್ನು ಬದಲಿಸುವ ಅಧಿಕಾರ ನನಗಿಲ್ಲ. ಈ ತಿಂಗಳ ಕೊನೆಗೆ ನನ್ನ ಬಡ್ತಿಯ ಕಡತವೂ ಮೇಲೆ ಹೋಗುತ್ತದೆ. ಈಗ ಗದ್ದಲ ಬೇಡ ಎಂದು ನಿನಗೂ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಕುಲುಮೆ ಆರಿದ್ದು ನೀನು ಹೇಳಿಯೇ ಗೊತ್ತಾದದ್ದು. ಸದ್ಯ, ಭಾವ ಮೊದಲನೇ ಕುಲುಮೆಯಲ್ಲಿದ್ದಾರೆ.

ತಮ್ಮ

•

ಜೂನ್ 20, ಶುಕ್ರವಾರ

ಮಾನ್ಯ ಸಂಖ್ಯಾಶಾಸ್ತ್ರಜ್ಞರಿಗೆ,

ತಮ್ಮ ಪತ್ರ ತಲುಪಿತು. ಕಚೇರಿಯ ವಾಸನೆ ಬರುತ್ತಿತ್ತು, ಕಿಟಕಿ ತೆರೆದು ಓದಿದೆ.

ತಾವು ಕೊಟ್ಟ ಚೀಲವನ್ನೇ ತೆಗೆದುಕೊಂಡು ಮಗಳ ಗಣಿತದ ಮೇಷ್ಟ್ರ ಹತ್ತಿರ ಹೋದೆ. ಶಾಲೆ ಬಿಟ್ಟಿತ್ತು, ಬೋರ್ಡ್ ಒರೆಸುತ್ತಿದ್ದರು. ನನ್ನ ಪ್ರಶ್ನೆ ಇಷ್ಟೇ ಇತ್ತು: ಐವತ್ತೆಂಟು ಮನೆಯವರು ಚೀಲಕ್ಕೆ ಒಂದು ನಾಣ್ಯವನ್ನೂ ಹಾಕಿಲ್ಲ. ಹಾಗಾದರೆ ಲೆಕ್ಕದಲ್ಲಿ ಅವರನ್ನು ಏನು ಮಾಡಬೇಕು?

ಮೇಷ್ಟ್ರು ಡಸ್ಟರ್ ಕೆಳಗಿಟ್ಟರು. "ಚೀಲದಿಂದ ತೆಗೆದ ನಾಣ್ಯ ಅವರದ್ದಾಗಿರೋಕೆ ಸಾಧ್ಯವೇ ಇಲ್ಲ. ಹಾಗಾಗಿ ಊಹೆ ಮಾಡೋ ಕಷ್ಟ ಅವರಿಂದ ಹೆಚ್ಚೂ ಆಗಲ್ಲ, ಕಮ್ಮೀನೂ ಆಗಲ್ಲ. ಆದ್ರೆ ಎಲ್ಲರೂ ಸಮ ಇದ್ದಿದ್ರೆ ಎಷ್ಟು ಕಷ್ಟ ಇರ್ತಿತ್ತು ಅಂತ ಲೆಕ್ಕ ಹಾಕುವಾಗ ಮನೆ ಎಷ್ಟು ಅಂತ ಎಣಿಸ್ಬೇಕಲ್ಲ? ಅಲ್ಲಿ ಅವರೂ ಸೇರ್ಬೇಕು."

"ಸೊನ್ನೆಗೆ ಲಾಗರಿದಂ ಇಲ್ವಂತಲ್ಲ ಸಾರ್?"

"ಇಲ್ಲ. ಆದ್ರೆ ಇಲ್ಲಿ ಅದನ್ನ ಸೊನ್ನೆಯಿಂದಲೇ ಗುಣಿಸ್ತೀವಿ. ಆ ಮನೆಯ ಲೆಕ್ಕ ಸೊನ್ನೆ ಅಂತ ತಗೊಂಡು ಮುಂದೆ ಹೋಗೋದು. ಪುಸ್ತಕದಲ್ಲೇ ಇರೋ ಮಾತು. ನಿಮ್ಮ ತಮ್ಮನಿಗೆ ಗೊತ್ತಿಲ್ದೇ ಇರೋಕೆ ಸಾಧ್ಯ ಇಲ್ಲ."

ಆಮೇಲೆ ಬೋರ್ಡಿನ ಮೇಲೆ ಬರೆದರು. 412ರ ಲಾಗರಿದಂನಿಂದ 354ರ ಲಾಗರಿದಂ ಕಳೆದರೆ 0.15. ನಿಮ್ಮ 0.19ಕ್ಕೆ ಅದನ್ನು ಕೂಡಿಸಿದರೆ 0.34. ಮೇಷ್ಟ್ರು ಅದರ ಕೆಳಗೆ ಎರಡು ಗೆರೆ ಎಳೆದರು. ನಾನು ಅಲ್ಲೇ ನಿಂತು ಕಾಗದದಲ್ಲಿ ಇಳಿಸಿಕೊಂಡೆ. ಹತ್ತೇ ನಿಮಿಷ, ಒಂದು ಸೀಮೆಸುಣ್ಣ. ನಿಮ್ಮ ಕಚೇರಿಗೆ ಒಂಬತ್ತು ವರ್ಷ ಸಾಲಲಿಲ್ಲ!

ಅಂದರೆ ವಾರ್ಡಿನ ಅಂತರ ಇಳಿದಿಲ್ಲ, ಏರಿದೆ. ಪಟ್ಟಿಯಲ್ಲಿ ಇರಲೇಬೇಕಾದ ವಾರ್ಡು ನಮ್ಮದು.

ಇಂದು ಕೇಂದ್ರದಲ್ಲಿ ಔಷಧಿಯ ಕಪಾಟುಗಳನ್ನು ಖಾಲಿ ಮಾಡುತ್ತಿದ್ದರು. ದೊಡ್ಡ ನರ್ಸಮ್ಮ ಉಸಿರಿನ ಯಂತ್ರಕ್ಕೆ ಚೀಟಿ ಅಂಟಿಸಿ, ಹಗ್ಗ ಕಟ್ಟಲು ನನ್ನ ಕೈಗೇ ಕೊಟ್ಟರು. "ಹಿಡ್ಕೊಳಮ್ಮಾ, ನಿಮ್ಮ ಯಜಮಾನ್ರಿಗೆ ಇನ್ನೊಂದು ಮೂರು ಸಲ ಸಿಗುತ್ತೆ. ಆಮೇಲೆ ಇದಕ್ಕೂ ನಂಗೂ ವರ್ಗ." ಗಂಟು ಹಾಕದೆ ಹಗ್ಗವನ್ನು ಅಲ್ಲೇ ಬಿಟ್ಟು ಬಂದೆ.

"ಯಾರು ಬರೆದದ್ದೋ ಹೇಳುವುದು ಕಷ್ಟ" ಎಂದಿದ್ದೀಯ. ಕಷ್ಟವಾದರೂ ಹೇಳು. ಇಸ್ತ್ರಿಯಾಕೆ ನನ್ನ ಭುಜ ತಟ್ಟಿ ಕೇಳಿದಳು. ನಾನು ಯಾರ ಹೆಸರು ಹಿಡಿದು ಕೇಳಲಿ? ಬಡ್ತಿಗೆ ಶುಭಾಶಯ.

ಫಾರಂ ತುಂಬಿದವಳು

•

ಜೂನ್ 26, ಗುರುವಾರ (ಕಾರ್ಡ್)

ಆರು ದಿನವಾಯಿತು, ಉತ್ತರವಿಲ್ಲ. ಉಳಿದಿರುವುದು ನಾಲ್ಕು ದಿನ. ನಿಮ್ಮ ಪ್ರೋಗ್ರಾಮಿನಂತೆ ನೀನೂ ನನ್ನನ್ನು ದಾಟಿ ಹೋಗುತ್ತಿದ್ದೀಯ.

•

ಜೂನ್ 28, ಶನಿವಾರ

ಅಕ್ಕಾ,

ಆ ಸಾಲು ಬರೆದವನು ನಾನು.

ಅಪ್ಪನ ಕ್ರಮದಲ್ಲಿ ಯಾರು ಹೇಳಿದ್ದು ಎಂದರೆ, ಆ ಸಾಲೇ. ಪಕ್ಕದಲ್ಲೇ ನನ್ನ ಹೆಸರಿನ ಎರಡಕ್ಷರ, ದಿನಾಂಕ, 'ತಾತ್ಕಾಲಿಕ' ಎಂಬ ಟಿಪ್ಪಣಿ ಇದೆ. ಹದಿನೇಳರಂದು ನಿನಗೆ ಬರೆಯುವಾಗಲೂ ಅದು ನನ್ನ ಕಣ್ಣ ಮುಂದೆಯೇ ಇತ್ತು. ಸುಳ್ಳು ಬರೆದೆ.

ಆಗ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ವರದಿ ಮರುದಿನ ಮುದ್ರಣಕ್ಕೆ ಹೋಗಬೇಕಿತ್ತು. ಪ್ರೋಗ್ರಾಮು ಮತ್ತೆ ಮತ್ತೆ ನಿಲ್ಲುತ್ತಿತ್ತು. ನೋಡಿದರೆ ಇಡೀ ಸಮೀಕ್ಷೆಯಲ್ಲಿ ಸೊನ್ನೆ ಆದಾಯದ ಮನೆ ಇದ್ದದ್ದು ಹದಿನೇಳು. ಸಾವಿರಾರು ಮನೆಗಳ ನಡುವೆ ಹದಿನೇಳು. ಬಿಟ್ಟರೂ ಸೂಚ್ಯಂಕದ ಎರಡನೇ ಅಂಕಿ ಕೂಡ ಅಲುಗಲಿಲ್ಲ. ದಾಟಿ ಹೋಗು ಎಂದು ಒಂದು ಸಾಲು ಬರೆದೆ, ಆಮೇಲೆ ಸರಿ ಮಾಡೋಣ ಎಂದುಕೊಂಡೆ. ಆಮೇಲೆ ಬರಲೇ ಇಲ್ಲ. ಮೂರು ವರದಿಗಳು ಅದೇ ಸಾಲಿನ ಮೇಲೆ ಹೋದವು. ಮೇಷ್ಟ್ರು ಹೇಳಿದ್ದು ಸರಿ. ಸೊನ್ನೆಯನ್ನು ಸೊನ್ನೆ ಎಂದು ತೆಗೆದುಕೊಳ್ಳಬೇಕು ಎಂಬುದು ನನಗೆ ಎರಡನೇ ವರ್ಷದ ಪಾಠದಲ್ಲೇ ಗೊತ್ತಿತ್ತು.

ನಿನ್ನ ಕಾರ್ಡಿಗೆ ಮುಂಚೆಯೇ, ಮಂಗಳವಾರ, ಆ 58 ಸಾಲುಗಳನ್ನು ಒಂದೊಂದಾಗಿ ಓದಲು ಕೂತೆ. ಹೆಸರು ಇರುವುದಿಲ್ಲ. ವಯಸ್ಸು, ಓದು, ಹಿಂದಿನ ಕೆಲಸ, ಕೊನೆಗೆ ಗಣತಿದಾರರ ಷರಾ. ಮೂವತ್ತೊಂದನೆಯ ಸಾಲು: ಗಂಡಸು 48, ಕುಲುಮೆ ಕೆಲಸ, ಈಗ ಇಲ್ಲ. ಹೆಂಗಸು 43. ಮಗಳು 15. ಆದಾಯ 0. ಷರಾ: "ಉತ್ತರಿಸಿದ ಮಹಿಳೆ ಫಾರಂ ತಾವೇ ತೆಗೆದುಕೊಂಡು ಓದಿದರು. ಪ್ರಶ್ನೆ 14 ಮತ್ತು 22 ಒಂದೇ ಎಂದು ಆಕ್ಷೇಪಿಸಿದರು."

ಇಡೀ ದೇಶದಲ್ಲಿ ಹಾಗೆ ಆಕ್ಷೇಪಿಸುವವಳು ಒಬ್ಬಳೇ.

ನನಗೆ ಎಷ್ಟು ಕೋಪ ಬಂತೆಂದರೆ ಎದ್ದು ಹೊರಗೆ ಹೋದೆ. ನನ್ನ ಸ್ವಂತ ಅಕ್ಕನ ಮನೆಯ ಸುದ್ದಿಯನ್ನು ನಾನು ಕಂಪ್ಯೂಟರಿನಲ್ಲಿ ಓದಬೇಕಾಯಿತೇ? ನೀನು ಡಿಸೆಂಬರಿನಲ್ಲಿ ಬಂದು ಎರಡು ದಿನ ನಮ್ಮ ಮನೆಯಲ್ಲಿದ್ದೆ. ಮಗುವಿಗೆ ಹೊಸ ಶೂ ತಂದಿದ್ದೆ. "ಭಾವ ಹೇಗಿದ್ದಾರೆ" ಎಂದರೆ "ಅವರಿಗೇನು, ಸ್ಕೂಟರ್ ಬಿಟ್ಟು ವಾಕಿಂಗ್ ಶುರು ಮಾಡಿದಾರೆ" ಎಂದೆ. ಸ್ಕೂಟರ್ ಮಾರಿದ್ದೆ, ಅಲ್ಲವೇ? ಮೊದಲನೇ ಕುಲುಮೆಯಿಂದ ಎರಡನೆಯದಕ್ಕೆ ಅವರನ್ನು ಯಾವಾಗ ಹಾಕಿದರು? ಯಾಕೆ ಹೇಳಲಿಲ್ಲ? ನಾನು ಯಾರು ನಿನಗೆ?

ಬುಧವಾರ ನಿರ್ದೇಶಕಿಯ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಸರಿಯಾದ ಲೆಕ್ಕದಲ್ಲಿ ನಿಮ್ಮದೂ ಸೇರಿ ಆರು ವಾರ್ಡುಗಳು 0.25ರ ಮೇಲೆ ಬರುತ್ತವೆ ಎಂದು ಕಾಗದ ಮುಂದಿಟ್ಟೆ. ಅವರು ಕನ್ನಡಕ ತೆಗೆದರು.

"ಮೂರು ವರದಿ ಹೊರಗೆ ಹೋಗಿವೆ. ಮೂರನ್ನೂ ವಾಪಸ್ ತಗೊಳ್ಳೋಣ್ವಾ?"

"ತಗೊಳ್ಳೋಣ ಮೇಡಂ."

"ಹುಷಾರಿಲ್ವಾ ನಿಮಗೆ?"

"ಹುಷಾರಾಗೇ ಇದೀನಿ ಮೇಡಂ."

"ಒಂದು ವಾರ ರಜೆ ಹಾಕಿ ಮನೆಗೆ ಹೋಗಿ. ಯೋಚನೆ ಮಾಡಿ. ಬಡ್ತಿ ಫೈಲು ನನ್ನ ಮೇಜಿನ ಮೇಲಿದೆ, ಕಾಣ್ತಿದೆಯಲ್ಲ?"

"ಕಾಣ್ತಿದೆ. ಇದೂ ಅದರ ಮೇಲೇ ಇರಲಿ" ಎಂದು ನನ್ನ ಹೇಳಿಕೆ ಇಟ್ಟೆ. ಪ್ರತಿಯನ್ನು ಆರೋಗ್ಯ ಇಲಾಖೆಗೂ ಪರಿಶೀಲನಾ ಸಮಿತಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನಗೂ ಒಂದು ಲಗತ್ತಿಸಿದ್ದೇನೆ. ಸಹಿ ಮೂರು ಕಡೆ ಇದೆ. ನಿನ್ನೆ ನನಗೆ ನೋಟೀಸು ಬಂತು: ಮೇಲಧಿಕಾರಿಯ ಅನುಮತಿಯಿಲ್ಲದೆ ಪತ್ರ ವ್ಯವಹಾರ ಮಾಡಿದ್ದಕ್ಕೆ ವಿವರಣೆ ಕೊಡಬೇಕಂತೆ. ಪಕ್ಕದ ಮೇಜಿನವರಿಗೆ ಈಗ ನಿಜವಾದ ನೋಟೀಸು ನೋಡುವ ಭಾಗ್ಯ.

ಆದರೆ 30ರ ಆದೇಶ ನಿಂತಿಲ್ಲ. ಸಮಿತಿ ಮತ್ತೆ ಸೇರುವುದು ಜುಲೈನಲ್ಲಿ. ಅದಕ್ಕೆ ಮುಂಚೆ ಯಾರೂ ಯಾವುದನ್ನೂ ತಡೆಯುವುದಿಲ್ಲ. ನಾನು ಹದಿನೇಳರಂದೇ ಬರೆದಿದ್ದರೆ ಸಮಿತಿಯ ಜೂನ್ 23ರ ಸಭೆಗೆ ಸೇರುತ್ತಿತ್ತು.

ಭಾವನನ್ನು ಇಲ್ಲಿಗೆ ಕರೆದುಕೊಂಡು ಬಾ. ಇಲ್ಲಿ ಆಸ್ಪತ್ರೆ ಹತ್ತಿರ.

ತಮ್ಮ

•

ಜುಲೈ 4, ಶುಕ್ರವಾರ

ತಮ್ಮನಿಗೆ,

30ರಂದು ಸಂಜೆ ಐದಕ್ಕೆ ಕೇಂದ್ರಕ್ಕೆ ಬೀಗ ಬಿತ್ತು. ನೋಡಿದವಳು ನಾನೇ. ಬೀಗ ಹಾಕಿದವರು ದೊಡ್ಡ ನರ್ಸಮ್ಮ. ಬೀಗದ ಕೈಯನ್ನು ಅವರಿಂದ ಒಬ್ಬ ಗುಮಾಸ್ತ ಸಹಿ ಹಾಕಿ ತೆಗೆದುಕೊಂಡ.

ಜುಲೈ 2ರಂದು ನಿನ್ನ ಭಾವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲ ಬಸ್ಸಿನಲ್ಲಿ ನಿಂತೇ ಹೋದೆವು. ಎರಡನೆಯದಕ್ಕೆ ಕಾಯುವಾಗ ಅವರು ಫುಟ್‌ಪಾತಿನಲ್ಲಿ ಕೂತುಬಿಟ್ಟರು. ಬಸ್ಸು ಬಂದರೂ ಏಳಲಾಗಲಿಲ್ಲ. ಕಂಡಕ್ಟರ್ ಕೂಗಿದ, "ಬರ್ತೀರಾ ಇಲ್ವಾ ಯಜಮಾನ್ರೇ, ಟೈಮಾಯ್ತು!" ಇವರು ಉಸಿರು ಎಳೆದುಕೊಂಡು, "ನೀ ಹೋಗಪ್ಪಾ, ನಿನ್ನ ಟೈಮು ನಂಗಿಂತ ಮುಖ್ಯ" ಎಂದರು. ಅಂಥ ಹೊತ್ತಿನಲ್ಲೂ ತಮಾಷೆ. ನನಗೆ ಆ ಕಂಡಕ್ಟರ್, ಆ ಬಸ್ಸು, ಆ ಬಿಸಿಲು, ನೀನು, ನಿನ್ನ ಸಾಲು, ಎಲ್ಲವನ್ನೂ ಒಟ್ಟಿಗೆ ಕುಲುಮೆಗೆ ಹಾಕಬೇಕು ಅನಿಸಿತು. ಮೂರನೇ ಬಸ್ಸಿನಲ್ಲಿ ಹೋದೆವು. ಯಂತ್ರ ಹಾಕಿದರು. ಈಗ ಮಲಗಿದ್ದಾರೆ.

ನಿನ್ನ ಮನೆಗೆ ಬರುವುದಿಲ್ಲ. ಉಳಿದವರು ಯಾರ ತಮ್ಮನ ಮನೆಗೆ ಹೋಗಬೇಕು?

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೇಳಲಿಲ್ಲ, ನಿಜ. ಎದೆ ಹಿಡಿಯುತ್ತದೆ ಎಂದು ಎರಡು ವರ್ಷದ ಹಿಂದೆ ಅವರೇ ಕೇಳಿಕೊಂಡು ಎರಡನೇ ಕುಲುಮೆಯಲ್ಲಿ ಬಾಟಲಿ ತೂಗುವ ಕೋಣೆಗೆ ಹೋಗಿದ್ದರು. ಮೇಸ್ತ್ರಿಗಿರಿ ಹೋಯಿತು ಎಂದು ನಿನಗೆ ಹೇಳಲು ಅವರಿಗೆ ಇಷ್ಟವಿರಲಿಲ್ಲ. ಆಮೇಲೆ ಕುಲುಮೆಯೇ ಆರಿತು, ಆಗ ನನಗೆ ಇಷ್ಟವಿರಲಿಲ್ಲ. ಬೇಜಾರಿಗೆ ಸಮೀಕ್ಷೆಗೆ ಸೇರಿದೆ ಎಂದದ್ದು ಸುಳ್ಳು. ಶೂ ತಂದದ್ದು ಅದರ ಮೊದಲ ಸಂಬಳದಲ್ಲಿ. ಸ್ಕೂಟರ್ ಮಾರಿದ್ದು ಸೆಪ್ಟೆಂಬರಿನಲ್ಲಿ. ಪೋಸ್ಟ್‌ಮ್ಯಾನ್ ಮಾಮ ಬಾಗಿಲು ತಟ್ಟಿದಾಗ ನನಗಿನ್ನೂ ಮೊದಲ ಸಂಬಳ ಬಂದಿರಲಿಲ್ಲ. ಹತ್ತೊಂಬತ್ತನೇ ಪ್ರಶ್ನೆಗೆ ಅವರು ಪೆನ್ನು ಎತ್ತಿ ಹಿಡಿದು ಕೂತಿದ್ದರು, ನನ್ನ ಮುಖ ನೋಡಲಿಲ್ಲ. ಊರೆಲ್ಲ ಸುತ್ತಿ ಸೊನ್ನೆ ಬರೆಸಿಕೊಂಡು ಬಂದವಳಿಗೆ ತನ್ನ ಮನೆಯಲ್ಲಿ ಸೊನ್ನೆ ಎನ್ನಲು ನಾಲಿಗೆ ಏಳಲಿಲ್ಲ. ಕೊನೆಗೆ ಫಾರಂ ಕಿತ್ತುಕೊಂಡು ನಾನೇ ಬರೆದೆ. ಆ ಸೊನ್ನೆ ನನ್ನ ಕೈಬರಹದ್ದು. ಪ್ರಶ್ನೆ 14 ಮತ್ತು 22 ಈಗಲೂ ಒಂದೇ.

ಇದನ್ನು ಅಷ್ಟು ಕಷ್ಟಪಟ್ಟು ಬರೆದುಕೊಟ್ಟೆ, ನೀನು ಅಪೂರ್ಣ ಎಂದೆ. ಆದರೆ ನನ್ನ ಸಿಟ್ಟು ಅದಕ್ಕಲ್ಲ.

ನಿನ್ನ ಕೊನೆಯ ಎರಡು ಪತ್ರಗಳನ್ನೂ ಅಕ್ಕಪಕ್ಕ ಇಟ್ಟು ತಾರೀಕು ನೋಡಿದೆ. ಅಪ್ಪ ಕಲಿಸಿದ ಚಟ. ಹದಿನೇಳರಂದು ಬೆಳಗ್ಗೆ ನೀನು ಫೈಲು ತೆರೆದೆ. ಐವತ್ತೆಂಟು ಸಾಲು ಕಂಡವು. 'ತಾಂತ್ರಿಕ ವಿಷಯ' ಎಂದು ಬರೆದು, ಬಡ್ತಿಯ ಕಡತ ನೆನಪಿಸಿ, ಸುಳ್ಳು ಹೇಳಿ ಮಲಗಿದೆ. ಇಪ್ಪತ್ತನಾಲ್ಕರಂದು ಮೂವತ್ತೊಂದನೇ ಸಾಲು ಓದಿದೆ. ಆಗ ಕೋಪ ಬಂತು, ಆಗ ಎದ್ದು ಹೊರಗೆ ಹೋದೆ, ಆಗ ನಿರ್ದೇಶಕಿಯ ಮೇಜಿನ ಮೇಲೆ ಕಾಗದ ಇಟ್ಟೆ. ಮೂವತ್ತನೇ ಸಾಲಿನವರೆಗೆ ನಿನಗೆ ಏನೂ ಆಗಿರಲಿಲ್ಲ. ಕಿಟಕಿಯ ಕಂಬಿ ಮಾರಿದವನು ಅದರಲ್ಲಿದ್ದ. ಮಗಳನ್ನು ಒಳಗೆ ಕಳಿಸಿದಾಕೆ ಇದ್ದಳು. ಅವರಲ್ಲಿ ಯಾರೂ ನಿನ್ನ ಅಕ್ಕ ಆಗಿರಲಿಲ್ಲ, ಅಷ್ಟೆ.

ಹೇಳಿಕೆ ಓದಿದೆ. ಚೆನ್ನಾಗಿದೆ, ನೇರವಾಗಿದೆ, ಸಹಿಯೂ ದಪ್ಪಗಿದೆ. ಬಡ್ತಿ ಹೋಗುತ್ತದೆ ಎಂದು ಗೊತ್ತಿದ್ದೂ ಇಟ್ಟೆಯಲ್ಲ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಅಪ್ಪ ಇದ್ದಿದ್ದರೆ ಒಂದು ತಿದ್ದುಪಡಿ ಹಾಕುತ್ತಿದ್ದ. ಮೂರನೇ ಪುಟದಲ್ಲಿ 'ನನ್ನ ಸ್ವಂತ ಸಹೋದರಿಯ ಮನೆಯೂ ಇದರಲ್ಲಿ ಸೇರಿದೆ' ಎಂದು ಬರೆದಿದ್ದೀಯ. ಕಳಿಸಿದ್ದು ಕಳಿಸಿಯಾಯಿತು, ಸಭೆಯಲ್ಲಿ ಓದುವ ಪ್ರತಿಯಲ್ಲಾದರೂ ಅದನ್ನು ಹೊಡೆದುಹಾಕು. ಸಭೆಯಲ್ಲಿ ನಮ್ಮ ಮನೆಯ ಮಾತು ಎತ್ತಬೇಡ. ಎತ್ತಿದರೆ, ಅಕ್ಕನಿಗಾಗಿ ಲೆಕ್ಕ ತಿರುಚಿದ ಎಂದು ನಿರ್ದೇಶಕಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಒಂದನೇ ಸಾಲಿನಿಂದ ಶುರು ಮಾಡು. ಐವತ್ತೆಂಟನ್ನೂ ಓದು. ನಮ್ಮದು ಬಂದಾಗ ಧ್ವನಿ ಬದಲಾಗಬಾರದು.

ಬೋರ್ಡಿನ ಲೆಕ್ಕವನ್ನು ಮೇಷ್ಟ್ರು ಶುದ್ಧಪ್ರತಿ ಮಾಡಿ ಕೊಟ್ಟಿದ್ದಾರೆ. ಡೈರಿಗೆ ಟ್ಯೂಷನ್ ಮೇಡಂ ಹೊಸ ರಟ್ಟು ಹಾಕಿದ್ದಾಳೆ. ಇಸ್ತ್ರಿಯಾಕೆಗೆ ವಿಷಯ ಹೇಳಿದೆ. "ಹಾಗಾದ್ರೆ ನೀವಲ್ಲ, ನಿಮ್ಮ ತಮ್ಮ" ಎಂದಳು. ಹೌದು ಎಂದೆ. "ಬರ್ತಾನಾ ಆ ಸಭೆಗೆ?" ಎಂದಳು. ಬರುತ್ತಾನೆ ಎಂದೆ. "ನೋಡ್ಬೇಕಲ್ಲ ಅವನ ಮುಖಾನ" ಎಂದು ತನ್ನ ಹೆಸರು ಮೊದಲು ಬರೆಸಿದಳು.

ಪರಿಶೀಲನಾ ಸಮಿತಿಯ ಸಭೆ ಜುಲೈ 14, ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ನಿಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ. ಸಾರ್ವಜನಿಕರು ಹತ್ತನೇ ತಾರೀಕಿನೊಳಗೆ ಹೆಸರು ಕೊಡಬೇಕು. ಐವತ್ತೆಂಟು ಮನೆಯಿಂದ ತಲಾ ಒಬ್ಬರ ಹೆಸರು, ಜೊತೆಗೆ ಇಸ್ತ್ರಿಯಾಕೆಯದ್ದು, ಇಂದು ಅಂಚೆಗೆ ಹಾಕಿದ್ದೇನೆ. ಬಸ್ಸು ಬೆಳಗ್ಗೆ ಐದೂವರೆಗೆ, ಕೇಂದ್ರದ ಬಾಗಿಲಿನಿಂದ ಹೊರಡುತ್ತದೆ.

ಅಕ್ಕ